ಕಾಸರಗೋಡಿನ ಸರಕಾರಿ ಆಫೀಸಲ್ಲಿ ಕನ್ನಡದಲ್ಲೇ ಅರ್ಜಿ ಕೊಟ್ಟು ಕನ್ನಡದಲ್ಲೇ ಉತ್ತರ ತೆಗೊಳ್ಳುವುದು ಹೇಗೆ

ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯ ನಮ್ಮವರು ಎಷ್ಟೋ ಜನ ಇವತ್ತಿಗೂ ಎಂತ ಮಾಡ್ತಾರೆ ಅಂದ್ರೆ, ಯಾರ ಹತ್ರವಾದ್ರೂ ಮಲಯಾಳದಲ್ಲಿ ಅರ್ಜಿ ಬರೆಸಿ, ಅದ್ರಲ್ಲಿ ಎಂತ ಉಂಟು ಅಂತ ಪೂರ್ತಿ ಗೊತ್ತಿಲ್ಲದೇ ಸೈನ್ ಹಾಕಿ ಕೊಟ್ಟು ಬರ್ತಾರೆ. ಅದರ ಅಗತ್ಯವೇ ಇಲ್ಲ ಮಾರಾಯ್ರೆ. 1956 ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿತು, ಮಹಾಜನ್ ಆಯೋಗ ಚಂದ್ರಗಿರಿ ಹೊಳೆಯಿಂದ ಉತ್ತರದ ಭಾಗ ಕರ್ನಾಟಕಕ್ಕೆ ಕೊಡಿ ಅಂತ 1967ರಲ್ಲೇ ಹೇಳಿತು, ಅದು ಆಗಲಿಲ್ಲ, ಆ ಕತೆ ಇಲ್ಲಿ ಬೇಡ. ಈಗ ಕಾನೂನಲ್ಲಿ ನಮಗೆ ಎಂತ ಉಂಟು, ಅದನ್ನ ಉಪಯೋಗಿಸುವುದು ಹೇಗೆ, ಅಷ್ಟು ನೋಡುವ.

ಮೊದಲು ಎರಡು ವಿಷಯ ಬಾಯಿಪಾಠ ಮಾಡ್ಕೊಳ್ಳಿ. ಒಂದು, ಸಂವಿಧಾನದ 350ನೇ ವಿಧಿ. ಯಾವ ಅಧಿಕಾರಿಗೇ ಆಗ್ಲಿ ನಿಮ್ಮ ಕಷ್ಟ ಹೇಳಿಕೊಂಡು ಮನವಿ ಕೊಡುವಾಗ ಆ ರಾಜ್ಯದಲ್ಲಿ ಅಥವಾ ಕೇಂದ್ರದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದ್ರೂ ಕೊಡಬಹುದು ಅಂತ ಅದು ಹೇಳ್ತದೆ. ಆದ್ರೆ ಉತ್ತರ ಯಾವ ಭಾಷೆಯಲ್ಲಿ ಬರಬೇಕು ಅಂತ ಅದರಲ್ಲಿಲ್ಲ. ಆ ಕೊರತೆ ತುಂಬುವುದು ಎರಡನೇದು, 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ. ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ಸೆಕ್ರೆಟೇರಿಯಟ್‌ಗೆ, ಇಲಾಖೆ ಮುಖ್ಯಸ್ಥರಿಗೆ, ಅಲ್ಪಸಂಖ್ಯಾತ ಪ್ರದೇಶ ಅಂತ ಘೋಷಣೆ ಆದ ಕಡೆಯ ಲೋಕಲ್ ಆಫೀಸುಗಳಿಗೆ ಅವರವರ ಭಾಷೆಯಲ್ಲೇ ಬರೀಬಹುದು, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು. ಈ "ಉತ್ತರವೂ" ಅನ್ನುವುದೇ ನಮ್ಮ ಕೈಯಲ್ಲಿರುವ ದೊಡ್ಡ ಅಸ್ತ್ರ, ಬಳಸುವವರು ಮಾತ್ರ ಕಮ್ಮಿ. ಮಲಯಾಳ ಭಾಷೆಗೆ ಹೊಸ ಮಸೂದೆಯೊಂದು 2025ರಲ್ಲಿ ಕೇರಳ ವಿಧಾನಸಭೆಯಲ್ಲಿ ಪಾಸಾಗಿದೆ, ಹಾಗಾಗಿ ಅರ್ಜಿಯಲ್ಲಿ ಕಾಯ್ದೆಯ ಹೆಸರು ಹಾಕುವ ಮೊದಲು ಸದ್ಯ ಯಾವುದು ಜಾರಿಯಲ್ಲುಂಟು ಅಂತ ಒಮ್ಮೆ ವಿಚಾರಿಸಿ.

ಅರ್ಜಿ ಬರೆಯುವಾಗ ಗ್ರಾಂಥಿಕ ಕನ್ನಡ ಬೇಡ. ಮನೆ ನಂಬರ್, ಸರ್ವೆ ನಂಬರ್, ವಾರ್ಡ್ ಎಲ್ಲ ಸ್ಪಷ್ಟ ಇರ್ಲಿ, ಒಂದು ಅರ್ಜಿಯಲ್ಲಿ ಒಂದೇ ವಿಷಯ, ಒಂದು ಪುಟ ಸಾಕು. ಕೊನೆಗೆ ಈ ಸಾಲು ಬಿಡಬೇಡಿ: "ಭಾಷಾ ಅಲ್ಪಸಂಖ್ಯಾತನಾಗಿ ಈ ಅರ್ಜಿಯನ್ನು ಕನ್ನಡದಲ್ಲಿ ಸಲ್ಲಿಸಿದ್ದೇನೆ, ಉತ್ತರವನ್ನೂ ಕನ್ನಡದಲ್ಲೇ ಕೊಡಬೇಕಾಗಿ ವಿನಂತಿ." ಎರಡು ಕಾಪಿ ತೆಗೊಂಡು ಹೋಗಿ, ಒಂದು ಕೊಟ್ಟು ಇನ್ನೊಂದರ ಮೇಲೆ ಸೀಲು, ತಾರೀಕು ಹಾಕಿಸ್ಕೊಳ್ಳಿ. "ಇಲ್ಲಿ ಕನ್ನಡ ಓದುವವರಿಲ್ಲ" ಅಂದ್ರೆ ಜಗಳಕ್ಕೆ ನಿಲ್ಲಬೇಡಿ, ಆ ಗುಮಾಸ್ತರ ತಪ್ಪಲ್ಲ ಅದು, ಬೇರೆ ಜಿಲ್ಲೆಯಿಂದ ವರ್ಗ ಆಗಿ ಬಂದಿರ್ತಾರೆ. ತಗೊಳ್ಳುವುದೇ ಇಲ್ಲ ಅಂದ್ರೆ ಸುಮ್ಮನೆ ವಾಪಸ್ ಬಂದು ಅದೇ ಅರ್ಜಿ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಜೋಪಾನ.

ಉತ್ತರ ಬರಲಿಲ್ಲ, ಅಥವಾ ಮಲಯಾಳದಲ್ಲಿ ಬಂತು, ಆಗ ಎಂತ ಮಾಡುವುದು? ಆರ್‌ಟಿಐ ಹಾಕಿ. ಇಲ್ಲಿ ಒಂದು ಗುಟ್ಟುಂಟು. ಆರ್‌ಟಿಐ ಕಾಯ್ದೆ ಪ್ರಕಾರ ಅರ್ಜಿ ಇಂಗ್ಲಿಷ್, ಹಿಂದಿ ಅಥವಾ ಆ ಪ್ರದೇಶದ ಅಧಿಕೃತ ಭಾಷೆಯಲ್ಲಿ ಇರಬೇಕು, ಹಾಗಾಗಿ ಇದನ್ನ ಮಾತ್ರ ಕನ್ನಡದಲ್ಲಿ ಹಾಕಿ ಸಿಕ್ಕಿಹಾಕ್ಕೊಳ್ಳಬೇಡಿ, ಇಂಗ್ಲಿಷಲ್ಲಿ ಎರಡೇ ಪ್ರಶ್ನೆ ಕೇಳಿ: ಇಂಥ ತಾರೀಕಿನ ಕನ್ನಡ ಅರ್ಜಿ ಮೇಲೆ ಏನು ಕ್ರಮ ಆಗಿದೆ, ಕನ್ನಡದಲ್ಲಿ ಉತ್ತರ ಕೊಡ್ಲಿಕ್ಕೆ ಆಫೀಸಲ್ಲಿ ಏನು ವ್ಯವಸ್ಥೆ ಉಂಟು. 30 ದಿನದೊಳಗೆ ಹೇಳಲೇಬೇಕು. ಎರಡನೇ ಪ್ರಶ್ನೆಗೆ ಬರುವ ಉತ್ತರವೇ ಮುಂದಿನ ದೂರಿಗೆ ಸಾಕ್ಷಿ.

ಅದನ್ನ ಇಟ್ಕೊಂಡು ವಿದ್ಯಾನಗರದ ಕಲೆಕ್ಟರೇಟಿಗೆ ಹೋಗಿ, ಭಾಷಾ ಅಲ್ಪಸಂಖ್ಯಾತರ ದೂರು ಅಂತ ಸಬ್ಜೆಕ್ಟ್ ಹಾಕಿ ಕೊಡಿ. ಅದಕ್ಕೂ ಮೇಲೆ ದೆಹಲಿಯಲ್ಲಿ ಭಾಷಾ ಅಲ್ಪಸಂಖ್ಯಾತರ ಆಯುಕ್ತರು ಇದ್ದಾರೆ, 350ಬಿ ವಿಧಿಯಲ್ಲಿ ಹುಟ್ಟಿದ ಹುದ್ದೆ, 1957ರಿಂದ ಉಂಟು. ನಿಜ ಹೇಳ್ಬೇಕಂದ್ರೆ ಹಲ್ಲಿಲ್ಲದ ಹುದ್ದೆ. ಆದೇಶ ಮಾಡುವ ಅಧಿಕಾರ ಇಲ್ಲ, ಶಿಫಾರಸು ಮಾತ್ರ. ಆದ್ರೂ ಅವರ ವರದಿ ರಾಷ್ಟ್ರಪತಿಗೆ ಹೋಗಿ ಸಂಸತ್ತಲ್ಲಿ ಮಂಡನೆ ಆಗ್ತದೆ, ದೂರೇ ಹೋಗದಿದ್ರೆ ವರದಿಯಲ್ಲಿ ಎಂತ ಬರೀಲಿಕ್ಕುಂಟು?

ಶಾಲೆ ವಿಷಯ ಬೇರೆಯೇ. ಕನ್ನಡ ಮೀಡಿಯಂ ಶಾಲೆಗೆ ಕನ್ನಡ ಬಾರದ ಟೀಚರನ್ನು ಹಾಕುವ ಸಮಸ್ಯೆ ಇಲ್ಲಿ ಹಳೇದು. ಇಲ್ಲಿ ಹಿಡೀಬೇಕಾದದ್ದು 350ಎ ವಿಧಿ, ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸುವ ಸೌಕರ್ಯ ಮಾಡಬೇಕು ಅಂತ. ಅದರ ಜೊತೆಗೆ 1949ರಲ್ಲಿ ಶಿಕ್ಷಣ ಮಂತ್ರಿಗಳ ಸಮ್ಮೇಳನದಲ್ಲಿ ಒಪ್ಪಿಕೊಂಡ ಲೆಕ್ಕ ಒಂದುಂಟು, ಕ್ಲಾಸಲ್ಲಿ 10 ಮಕ್ಕಳು ಅಥವಾ ಇಡೀ ಶಾಲೆಯಲ್ಲಿ 40 ಮಕ್ಕಳು ಇದ್ರೆ ಆ ಭಾಷೆಯ ಟೀಚರ್ ಕೊಡಬೇಕು. ಹಾಗಾಗಿ ಒಬ್ಬರೇ ಹೋಗಿ ಪ್ರಯೋಜನ ಇಲ್ಲ, ಪಿಟಿಎ ಮೀಟಿಂಗ್ ಕರೆದು ಮಕ್ಕಳ ಸಂಖ್ಯೆ ಹಾಕಿ ನಿರ್ಣಯ ಬರೆಸಿ, ಎಲ್ಲಾ ಪೋಷಕರ ಸೈನ್ ತೆಗೊಂಡು ಎಇಒಗೆ (ಉಪಜಿಲ್ಲೆಯ ಶಿಕ್ಷಣ ಅಧಿಕಾರಿ), ಡಿಡಿಗೆ (ಜಿಲ್ಲೆಯ ಶಿಕ್ಷಣ ಉಪನಿರ್ದೇಶಕರು) ಒಟ್ಟಿಗೆ ಕಳಿಸಿ. ಜೂನಲ್ಲಿ ಶಾಲೆ ಶುರುವಾದ ಮೇಲೆ ಅಲ್ಲ, ರಜೆಯಲ್ಲೇ. ಟೀಚರ್ ಬಂದು ಕೂತ ಮೇಲೆ ಬದಲಿಸುವುದು ಬಹಳ ಕಷ್ಟ.

ಮನೆಯಲ್ಲಿ ತುಳು, ಕೊಂಕಣಿ, ಮರಾಠಿ ಮಾತಾಡುವವರಿಗೆ 1969ರ ಕಾಯ್ದೆಯಲ್ಲಿ ಈ ಸೌಲಭ್ಯ ಇಲ್ಲ, ಅವರು ಇಂಗ್ಲಿಷಲ್ಲಿ ಬರೀಬೇಕು ಅಂತ ಉಂಟು. ಇದು ನನಗೆ ಸರಿ ಕಾಣುವುದಿಲ್ಲ. ತುಳುವಿಗೆ ಅಕಾಡೆಮಿ ಮಾಡಿದ ಸರಕಾರ ತುಳುವರಿಗೆ ಇಂಗ್ಲಿಷಲ್ಲಿ ಬರೀರಿ ಅನ್ನುವುದು ಎಂಥ ನ್ಯಾಯ? ಅಂದ ಹಾಗೆ ಬೆಳಗಾವಿಯಲ್ಲಿ ಮರಾಠಿಯವರು ಕೇಳುವುದೂ ಇದೇ 350ರ ಹಕ್ಕು, ಇಲ್ಲಿ ಬೇಕು ಅಲ್ಲಿ ಬೇಡ ಅಂತ ಹೇಳ್ಲಿಕ್ಕೆ ಆಗುವುದಿಲ್ಲ.

ಇನ್ನು ಕರ್ನಾಟಕದಿಂದ ಸಿಗುವುದು. ಇಂಜಿನಿಯರಿಂಗ್ ಮುಂತಾದ ಸೀಟಿಗೆ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಮೂಲಕ ಹೋಗುವ ಮಕ್ಕಳಿಗೆ ಗಡಿನಾಡು ಕನ್ನಡಿಗ ಅನ್ನುವ ದಾರಿ ಉಂಟು, ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕಿನವರಿಗೆ. ಮಾತೃಭಾಷೆ ಕನ್ನಡವೇ ಆಗ್ಬೇಕಂತಿಲ್ಲ, ತುಳು, ಕೊಡವ ಆದ್ರೂ ನಡೀತದೆ. ಆದ್ರೆ ಕೆಇಎ ಕನ್ನಡ ಭಾಷಾ ಪರೀಕ್ಷೆ ಪಾಸಾಗಲೇಬೇಕು, ಸಿಇಟಿ ಗಡಿಬಿಡಿಯಲ್ಲಿ ಅದರ ತಾರೀಕು ತಪ್ಪಿಸ್ಕೊಂಡ್ರೆ ಆ ಕೋಟಾ ಕೈ ತಪ್ಪಿತು ಅಂತಲೇ ಲೆಕ್ಕ, ಹಾಗಾಗಿ ಹಾಲ್ ಟಿಕೆಟ್ ಬಂದ ಕೂಡ್ಲೇ ಮೊದಲು ಅದನ್ನ ನೋಡಿ.