ಕರೆಂಟು ಹೋದಾಗ ಟ್ಯಾಬ್‌ಗೆ ಮೊಬೈಲಿನಿಂದ ಇಂಟರ್ನೆಟ್

ಆಟಿ ತಿಂಗಳ ಗಾಳಿಮಳೆಗೆ ತೆಂಗಿನ ಮಡಲೊಂದು ತಂತಿಯ ಮೇಲೆ ಬಿದ್ದರೆ ಸಾಕು, ಉಡುಪಿ ಆಸುಪಾಸಿನ ಹಳ್ಳಿಗಳಲ್ಲಿ ಕರೆಂಟಿನ ಜೊತೆಗೆ ಮನೆಯ ವೈಫೈ ಕೂಡ ನಿಂತುಹೋಗುತ್ತದೆ. ಟ್ಯಾಬ್‌ನಲ್ಲಿ ಚಾರ್ಜ್ ಇದೆ, ಮಗಳ ಆನ್‌ಲೈನ್ ಪಾಠವೋ ಬ್ಯಾಂಕಿನ ಕೆಲಸವೋ ಅರ್ಧಕ್ಕೆ ನಿಂತಿದೆ, ಆದರೆ ಅದು ಸಿಮ್ ಹಾಕಲು ಜಾಗವೇ ಇಲ್ಲದ, ವೈಫೈಯನ್ನು ಮಾತ್ರ ನಂಬಿದ ಮಾದರಿ. ಇಂಥ ಹೊತ್ತಿನಲ್ಲಿ ಕಿಸೆಯಲ್ಲಿರುವ ಮೊಬೈಲನ್ನೇ ಚಿಕ್ಕದೊಂದು ರೂಟರ್ ಮಾಡಿಕೊಳ್ಳಬಹುದು. ಟವರಿನಿಂದ ಬರುವ ಡೇಟಾವನ್ನು ಅದು ವೈಫೈ, ಬ್ಲೂಟೂತ್ ಅಥವಾ ಯುಎಸ್‌ಬಿ ಕೇಬಲ್ ಮೂಲಕ ಟ್ಯಾಬ್‌ಗೆ ದಾಟಿಸುತ್ತದೆ. ಹೆಚ್ಚಿನವರಿಗೆ ಒದಗುವುದು ವೈಫೈ ಮೂಲಕ ಹಂಚುವ ದಾರಿ, ಅಂದರೆ ವೈಫೈ ಹಾಟ್‌ಸ್ಪಾಟ್. ಆದ್ದರಿಂದ ಅದನ್ನೇ ಮೊದಲು ವಿವರವಾಗಿ ನೋಡೋಣ.

ಮೊದಲಿಗೆ ಮೊಬೈಲಿನಲ್ಲಿ ಡೇಟಾ ಆನ್ ಮಾಡಿ, ಅದರಲ್ಲೇ ಯಾವುದಾದರೊಂದು ಪುಟ ತೆರೆಯುತ್ತದೆಯೇ ಎಂದು ಪರೀಕ್ಷಿಸಬೇಕು. ಮೊಬೈಲಿಗೇ ಬಾರದ ಇಂಟರ್ನೆಟ್ ಟ್ಯಾಬ್‌ಗೆ ಬರುವುದಿಲ್ಲವೆಂಬುದು ಹೇಳಬೇಕಾದ ಮಾತಲ್ಲವಾದರೂ, ಅರ್ಧ ಗಂಟೆ ಟ್ಯಾಬ್‌ನ ಸೆಟ್ಟಿಂಗ್ಸ್ ಕೆದಕಿದ ಮೇಲೆ ಇದು ಹೊಳೆದವರಲ್ಲಿ ನಾನೂ ಒಬ್ಬ. ಬಳಿಕ ಆಂಡ್ರಾಯ್ಡ್ ಮೊಬೈಲಿನ ಸೆಟ್ಟಿಂಗ್ಸ್‌ನಲ್ಲಿ ‘ನೆಟ್‌ವರ್ಕ್ ಮತ್ತು ಇಂಟರ್ನೆಟ್’ ಅಥವಾ ‘ಕನೆಕ್ಷನ್ಸ್’ ಎಂಬಲ್ಲಿಗೆ ಹೋಗಿ ಹಾಟ್‌ಸ್ಪಾಟ್ ಮತ್ತು ಟೆಥರಿಂಗ್ (ಮೊಬೈಲಿನ ಇಂಟರ್ನೆಟ್ ಹಂಚಿಕೆ) ವಿಭಾಗವನ್ನು ತೆರೆಯಬೇಕು. ಐಫೋನಿನಲ್ಲಿ ಇದಕ್ಕೆ ‘ಪರ್ಸನಲ್ ಹಾಟ್‌ಸ್ಪಾಟ್’ ಎಂದು ಹೆಸರು.

ಹಾಟ್‌ಸ್ಪಾಟ್ ಆನ್ ಮಾಡುವ ಮುನ್ನ ಅದರ ಹೆಸರನ್ನೂ ಪಾಸ್‌ವರ್ಡನ್ನೂ ಬದಲಿಸಿಕೊಳ್ಳುವುದು ಒಳ್ಳೆಯದು. ಆ ಹೆಸರು ಬಸ್ಸಿನಲ್ಲಿ ಪಕ್ಕ ಕುಳಿತವರಿಗೂ ಕಾಣಿಸುವುದರಿಂದ ಅಲ್ಲಿ ಸ್ವಂತ ಹೆಸರೋ ಮನೆಯ ಹೆಸರೋ ಬೇಡ. ಪಾಸ್‌ವರ್ಡ್‌ನಲ್ಲಿ ಕನಿಷ್ಠ 8 ಅಕ್ಷರಗಳಿರಲೇಬೇಕು; ಮೊಬೈಲ್ ಸಂಖ್ಯೆಯನ್ನೇ ಪಾಸ್‌ವರ್ಡ್ ಮಾಡುವ ರೂಢಿಯನ್ನು ಬಿಡಬೇಕು. ಬ್ಯಾಂಡ್, ಅಂದರೆ ವೈಫೈ ಬಳಸುವ ರೇಡಿಯೊ ತರಂಗಗಳ ಶ್ರೇಣಿಯನ್ನು ಆರಿಸುವ ಅವಕಾಶವಿದ್ದಲ್ಲಿ 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ಆಯ್ಕೆಗಳು ಕಾಣಿಸುತ್ತವೆ. ಎರಡನೆಯದು ವೇಗದ್ದಾದರೂ ಗೋಡೆ ದಾಟುವಾಗ ಬೇಗ ಸೊರಗುತ್ತದೆ. ನಮ್ಮ ಕಡೆಯ ಮುರಕಲ್ಲಿನ ದಪ್ಪ ಗೋಡೆಯ ಮನೆಗಳಲ್ಲಿ, ಸಿಗ್ನಲ್ ಸಿಗುತ್ತದೆಂದು ಮೊಬೈಲನ್ನು ಚಾವಡಿಯ ಕಿಟಕಿಯಲ್ಲಿಟ್ಟು ಒಳಕೋಣೆಯಲ್ಲಿ ಟ್ಯಾಬ್ ಬಳಸುವವರಿಗೆ 2.4 ಗಿಗಾಹರ್ಟ್ಸ್ ಬ್ಯಾಂಡೇ ವಾಸಿ. ಹೊಸ ಐಫೋನುಗಳಲ್ಲಿ ‘ಮ್ಯಾಕ್ಸಿಮೈಸ್ ಕಂಪ್ಯಾಟಿಬಿಲಿಟಿ’ ಎಂಬುದನ್ನು ಆನ್ ಮಾಡಿದರೆ ಇದೇ ಬ್ಯಾಂಡ್ ದೊರೆಯುತ್ತದೆ.

ಇಷ್ಟಾದ ಮೇಲೆ ಹಾಟ್‌ಸ್ಪಾಟ್ ಆನ್ ಮಾಡಿ, ಟ್ಯಾಬ್‌ನ ವೈಫೈ ಪಟ್ಟಿಯಲ್ಲಿ ಆ ಹೆಸರನ್ನು ಒತ್ತಿ ಪಾಸ್‌ವರ್ಡ್ ಕೊಟ್ಟರೆ ಸಂಪರ್ಕ ಸಿಗುತ್ತದೆ. ಐಫೋನಿನ ಹೆಸರು ಪಟ್ಟಿಯಲ್ಲಿ ಕಾಣಿಸದಿದ್ದರೆ, ಟ್ಯಾಬ್ ಜೋಡಣೆಯಾಗುವವರೆಗೂ ಫೋನಿನಲ್ಲಿ ಹಾಟ್‌ಸ್ಪಾಟ್ ಪುಟವನ್ನು ತೆರೆದೇ ಇಟ್ಟುಕೊಳ್ಳಬೇಕು.

ಸಾಮಾನ್ಯವಾಗಿ ಎಲ್ಲರೂ ಮರೆಯುವ ಹಂತ ಮುಂದಿನದು. ಟ್ಯಾಬ್‌ನ ಕಣ್ಣಿಗೆ ಮೊಬೈಲ್ ಹಾಟ್‌ಸ್ಪಾಟೂ ಮನೆಯ ವೈಫೈಯೂ ಒಂದೇ ಆಗಿ ಕಾಣಬಹುದಾದ್ದರಿಂದ, ಅದು ಫೋಟೊಗಳ ಬ್ಯಾಕಪ್ಪನ್ನೂ ಆ್ಯಪ್‌ಗಳ ಅಪ್‌ಡೇಟನ್ನೂ ಸಂಕೋಚವಿಲ್ಲದೆ ಆರಂಭಿಸುತ್ತದೆ. ದಿನಕ್ಕೆ 1.5 ಜಿಬಿ ಸಿಗುವ ಪ್ಯಾಕ್ ಹಾಕಿಕೊಂಡಿದ್ದ ನನ್ನ ಡೇಟಾ ಒಮ್ಮೆ ಮಧ್ಯಾಹ್ನದ ಊಟಕ್ಕೆ ಮೊದಲೇ ಮುಗಿದದ್ದು ಹೀಗೆಯೇ. ಆಂಡ್ರಾಯ್ಡ್ ಟ್ಯಾಬ್‌ನಲ್ಲಿ ವೈಫೈ ಹೆಸರಿನ ಪಕ್ಕದ ಚಕ್ರದ ಗುರುತನ್ನು ಒತ್ತಿ ಆ ಸಂಪರ್ಕವನ್ನು ‘ಮೀಟರ್ಡ್’, ಅಂದರೆ ಡೇಟಾಗೆ ಮಿತಿಯಿರುವುದು, ಎಂದು ಗುರುತಿಸಬೇಕು. ಐಪ್ಯಾಡ್‌ನಲ್ಲಿ ಅದೇ ಜಾಗದಲ್ಲಿ ‘ಲೋ ಡೇಟಾ ಮೋಡ್’ ಇರುತ್ತದೆ.

ಟ್ಯಾಬ್‌ನಲ್ಲಿ ಕಾಣುವ ವೈಫೈ ಗೆರೆಗಳು ಮೊಬೈಲು ಎಷ್ಟು ಹತ್ತಿರದಲ್ಲಿದೆ ಎಂಬುದನ್ನು ಹೇಳುತ್ತವೆಯೇ ಹೊರತು ಟವರಿನ ಸುದ್ದಿಯನ್ನಲ್ಲ. ಮಂಗಳೂರಿನಿಂದ ಬೆಂಗಳೂರಿಗೆ ರೈಲಿನಲ್ಲಿ ಹೋಗುವಾಗ ಸುಬ್ರಹ್ಮಣ್ಯ ರೋಡ್ ಮತ್ತು ಸಕಲೇಶಪುರದ ನಡುವೆ 50ಕ್ಕೂ ಹೆಚ್ಚು ಸುರಂಗಗಳಿವೆ. ಅಲ್ಲಿ ಗೆರೆಗಳು ಪೂರ್ತಿ ಇದ್ದೂ ಪುಟ ತೆರೆಯದಿರುವುದಕ್ಕೆ ಟ್ಯಾಬ್ ಕಾರಣವಲ್ಲ. ಘಟ್ಟ ಹತ್ತುವ ಮೊದಲೇ ಬೇಕಾದ ಕಡತಗಳನ್ನು ಇಳಿಸಿಕೊಳ್ಳುವುದೊಂದೇ ದಾರಿ.

ಕರೆಂಟು ಬರುವುದು ನಾಳೆಯೇ ಎಂದು ಖಚಿತವಾದಾಗ ಬ್ಲೂಟೂತ್ ನೆನಪಾಗಬೇಕು. ಮೊಬೈಲನ್ನೂ ಟ್ಯಾಬನ್ನೂ ಪೇರ್ ಮಾಡಿ, ಮೊಬೈಲಿನಲ್ಲಿ ಬ್ಲೂಟೂತ್ ಟೆಥರಿಂಗ್ ಆನ್ ಮಾಡಿ, ಟ್ಯಾಬ್‌ನ ಬ್ಲೂಟೂತ್ ಪಟ್ಟಿಯಲ್ಲಿ ಆ ಮೊಬೈಲಿನ ಇಂಟರ್ನೆಟ್ ಬಳಕೆಗೆ ಒಪ್ಪಿಗೆ ಕೊಡಬೇಕು. ಇದರ ವೇಗ ಇಮೇಲ್ ಮತ್ತು ಬರಹಕ್ಕೆ ಸಾಕು, ವಿಡಿಯೊಗೆ ಸಾಲದು. ಆದರೆ ಬ್ಯಾಟರಿ ಹೆಚ್ಚು ಹೊತ್ತು ಬಾಳುತ್ತದೆ. ಅಂಗೈ ಗಾತ್ರದ ಕಂಪ್ಯೂಟರನ್ನೂ ಮೊಬೈಲನ್ನೂ ಎದುರುಬದುರು ಮಲಗಿಸಿ, ಇನ್‌ಫ್ರಾರೆಡ್ ಕಿರಣ ತಪ್ಪದಂತೆ ಕೈ ಕಟ್ಟಿ ಕುಳಿತು, ಇಂಟರ್ನೆಟ್‌ಗಾಗಿ *99# ಡಯಲ್ ಮಾಡಿಸುತ್ತಿದ್ದ ಕಾಲವನ್ನು ಕಂಡವರಿಗೆ ಈ ವೇಗದ ಬಗ್ಗೆ ದೂರು ಇರಲಾರದು.

ಯುಎಸ್‌ಬಿ ದಾರಿಗೆ ಡೇಟಾ ಸಾಗಿಸುವ ಕೇಬಲ್ಲೇ ಬೇಕು, ಚಾರ್ಜಿಗಷ್ಟೇ ಇರುವುದು ನಡೆಯದು. ಕೇಬಲ್ ಜೋಡಿಸಿದ ಬಳಿಕವಷ್ಟೇ ಮೊಬೈಲಿನಲ್ಲಿ ಯುಎಸ್‌ಬಿ ಟೆಥರಿಂಗ್ ಆನ್ ಮಾಡಲು ಬರುತ್ತದೆ.

ಕರೆಂಟು ಬಂದ ಕೂಡಲೇ ಹಾಟ್‌ಸ್ಪಾಟ್ ಆಫ್ ಮಾಡಬೇಕು. ಮನೆಯ ರೂಟರ್ ಮತ್ತೆ ಎದ್ದರೂ ಟ್ಯಾಬ್ ತಾನಾಗಿ ಅತ್ತ ಹೋಗದೆ, ಮೊಬೈಲಿನ ಡೇಟಾವನ್ನೇ ಬಳಸುತ್ತಾ ಉಳಿಯುವುದುಂಟು.