ಪದವಿನ ಮಣ್ಣು ಉಳಿಸಲು ನಾನು ಹುಲ್ಲನ್ನೇ ನಂಬಿದೆ

ಉಡುಪಿ ಹತ್ತಿರದ ನಮ್ಮ ಜಾಗದ ಮೇಲ್ಭಾಗ ಪೂರ್ತಿ ಪದವು, ಅಂದರೆ ಕಲ್ಲುನೆಲದ ಬಯಲು ಗುಡ್ಡ. ಮೇಲೆ ತೆಳ್ಳಗೆ ಮಣ್ಣು, ಕೆಳಗೆ ಮುರಕಲ್ಲು (ಜಂಬಿಟ್ಟಿಗೆ). ಕೆಲವು ಕಡೆ ಒಂದು ಗೇಣು ಆಳ, ಕೆಲವು ಕಡೆ ಬೆರಳು ಊರಿದರೆ ಕಲ್ಲೇ ತಾಗುತ್ತದೆ. ಅಷ್ಟು ಮಣ್ಣನ್ನು ಹಿಡಿದಿಟ್ಟಿರುವುದು ಮುಳಿಹುಲ್ಲು. ಆದರೆ ಪದವು ಅಂದ ಕೂಡಲೇ ನಮ್ಮವರಿಗೆ ಅಕೇಶಿಯಾ ನೆಡುವುದು, ಇಲ್ಲ ಕಲ್ಲಿನ ಕೋರೆ ಮಾಡುವುದು, ಇವೆರಡೇ ನೆನಪಾಗುತ್ತದೆ. ಮುಳಿಹುಲ್ಲು ಹೊದೆಸಿದ ಮಾಡಿನ ಮನೆಗಳಿದ್ದ ಕಾಲದಲ್ಲಿ ಈ ಹುಲ್ಲಿಗೆ ಬೆಲೆ ಇತ್ತು. ಹಂಚು ಬಂತು, ಹುಲ್ಲನ್ನು ಕೇಳುವವರಿಲ್ಲ.

ಜೋರು ಮಳೆ ನಮಗೆ ಹೊಸತಲ್ಲ. ವರ್ಷಕ್ಕೆ ಸುಮಾರು 4,000 ಮಿ.ಮೀ. ಬೀಳುವ ಊರು ಇದು. ಬದಲಾಗಿರುವುದು ಬೀಳುವ ರೀತಿ. ಅರಬ್ಬಿ ಸಮುದ್ರ ಬಿಸಿಯಾಗುತ್ತಿದೆ, ಕೆಲವೇ ಗಂಟೆಗಳಲ್ಲಿ ಸುರಿಯುವ ಮಳೆ ಜಾಸ್ತಿಯಾಗಿದೆ. 2018ರ ಮೇ 29ರಂದು ಮಂಗಳೂರು ಮುಳುಗಿತು. 2020ರ ಸೆಪ್ಟೆಂಬರ್‌ನಲ್ಲಿ ಉಡುಪಿಯ ಸರದಿ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂತು. ಪದವಿನ ಮಣ್ಣಿಗೆ ಸೆಪ್ಟೆಂಬರ್ ಮಳೆಗಿಂತ ಮೇ ಮಳೆಯೇ ಅಪಾಯ. ಸೆಪ್ಟೆಂಬರ್‌ನಲ್ಲಿ ಹುಲ್ಲು ಎದೆಮಟ್ಟ ನಿಂತಿರುತ್ತದೆ. ಮೇಯಲ್ಲಿ ನೆಲ ಬೋಳು. ಬೆಂಕಿ ಬಿದ್ದಿದ್ದರೆ ಇನ್ನೂ ಬೋಳು. ದಪ್ಪ ಹನಿ ನೇರ ಮಣ್ಣಿಗೆ ಹೊಡೆದು ನೆಲದ ಸಣ್ಣ ತೂತುಗಳನ್ನು ಮುಚ್ಚಿಬಿಡುತ್ತದೆ. ಆಮೇಲೆ ನೀರು ಇಂಗುವುದಿಲ್ಲ, ಕೆಂಪಾಗಿ ಹರಿಯುತ್ತದೆ.

ಹಾಗಾಗಿ ನನ್ನ ಮೊದಲ ಕೆಲಸ ಬೆಂಕಿ ತಡೆಯುವುದು. ಮಳೆಗಾಲ ಮುಗಿದ ಮೇಲೆ ಜಾಗದ ಸುತ್ತ ಅಗಲವಾಗಿ ಹುಲ್ಲು ಸವರಿ ಬೆಂಕಿರೇಖೆ ಮಾಡಿದೆ. ಒಳಗಿನ ಹುಲ್ಲನ್ನು ಬೀಜ ಉದುರುವ ಹೊತ್ತಿಗೆ, ಬುಡ ಬಿಟ್ಟು ಕೊಯ್ದೆ. ಆ ಒಣ ಬುಡವೇ ಮೇ ಮಳೆಗೆ ಅಡ್ಡ ನಿಲ್ಲುತ್ತದೆ.

ಆಮೇಲೆ ಕಲ್ಲಿನ ಸಾಲು. ಮೇಸ್ತ್ರಿಗಳು ಮಟ್ಟ ನೋಡುವ ನೀರಿನ ಪೈಪ್ ತಂದು, ಇಳಿಜಾರಿಗೆ ಅಡ್ಡವಾಗಿ ಒಂದೇ ಮಟ್ಟದಲ್ಲಿ ಗುರುತು ಮಾಡಿದೆ. ಹಳೆ ಕೋರೆಯ ಮುರಕಲ್ಲಿನ ತುಂಡುಗಳನ್ನು ಆ ಗುರುತಿನ ಮೇಲೆ ಸುಮ್ನೆ ಜೋಡಿಸಿದ್ದು ಅಷ್ಟೇ. ಸಿಮೆಂಟ್ ಇಲ್ಲ, ಅಗೆತ ಇಲ್ಲ. ಅಗೆಯಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಮುರಕಲ್ಲು ನೆಲದೊಳಗೆ ಮೆತ್ತಗಿದ್ದು, ಅಗೆದು ಗಾಳಿ ಬಿಸಿಲಿಗೆ ತೆರೆದರೆ ಗಟ್ಟಿಯಾಗುತ್ತದೆ, ಹುಲ್ಲಿನ ಬೇರಿಗೆ ಜಾಗ ಸಿಗುವುದಿಲ್ಲ. ಇಂಗುಗುಂಡಿ ಬೇಕಿದ್ದರೆ ಮಣ್ಣು ಆಳ ಇರುವ ಕೆಳಗಿನ ತೋಟದಲ್ಲಿ ಮಾಡಿ, ಪದವಿನ ನೆತ್ತಿಯಲ್ಲಿ ಬೇಡ.

ಕಲ್ಲಿನ ಹಿಂದೆ ಮಣ್ಣು ನಿಲ್ಲತೊಡಗಿದ ಮೇಲೆ, ಬೀಜ ಸಮೇತ ಕೊಯ್ದಿಟ್ಟ ಹುಲ್ಲನ್ನು ಮೊದಲ ಮಳೆಗೆ ಮುಂಚೆ ಅಲ್ಲಿ ಹರಡಿದೆ. ಬೀಜವೂ ಆಯಿತು, ಮುಚ್ಚಿಗೆಯೂ ಆಯಿತು.

ಪಕ್ಕದ ಮನೆಯವರು ಕೇಳಿದರು, "ಎಂತ ಮಾರಾಯ್ರೆ, ಬರೀ ಹುಲ್ಲಿಗೆ ಇಷ್ಟು ಕೆಲಸವಾ? ಎರಡು ಲೋಡ್ ಗೊಬ್ಬರ ಹಾಕಿ ಬಿಡಿ." ಗೊಬ್ಬರ, ಸುಣ್ಣ ಎರಡನ್ನೂ ನಾನು ಹಾಕಲಿಲ್ಲ. ಪದವಿನ ಹುಲ್ಲು ಹುಳಿ ಮಣ್ಣಿಗೆ, ಬಡ ಮಣ್ಣಿಗೆ ಹೊಂದಿಕೊಂಡದ್ದು. ಸಾರ ಜಾಸ್ತಿಯಾದರೆ ಕಮ್ಯುನಿಸ್ಟ್ ಗಿಡ ಎಂಬ ಕಳೆ ನುಗ್ಗಿ ಹುಲ್ಲನ್ನು ಮುಚ್ಚುತ್ತದೆ.

ಇನ್ನೊಂದು ವಿಷಯ ಹೇಳಲೇಬೇಕು. ಹಿಮಾಲಯದ ಎತ್ತರದ ಹುಲ್ಲುಗಾವಲುಗಳಲ್ಲಿ ಚಳಿಗೆ ಬೇರು, ಎಲೆ ನಿಧಾನವಾಗಿ ಕೊಳೆಯುತ್ತವೆ. ಅದಕ್ಕೇ ಅಲ್ಲಿನ ಮಣ್ಣಿನಲ್ಲಿ ಇಂಗಾಲ ತುಂಬಾ ಕಾಲ ಉಳಿಯುತ್ತದೆ. ಅಲ್ಲಿ ಬಿಸಿ ಏರಿದರೆ ಆ ದಾಸ್ತಾನು ಕರಗುವ ಭಯ. ನಮ್ಮ ಸೆಕೆ, ತೇವದಲ್ಲಿ ಅಂಥ ದಾಸ್ತಾನು ಕಟ್ಟುವುದೇ ಕಷ್ಟ. ಪ್ರತಿ ವರ್ಷ ಹೊಸ ಬೇರು ಮಣ್ಣಿಗೆ ಸೇರುತ್ತಲೇ ಇರಬೇಕು. ಹುಲ್ಲು ಇಲ್ಲವಾದ ವರ್ಷದಿಂದಲೇ ಮಣ್ಣು ಬಡವಾಗತೊಡಗುತ್ತದೆ.

ಗುಣ ಆಗಿದೆಯಾ ಎಂದು ನೋಡಲು ಜೋರು ಮಳೆಯಲ್ಲಿ ಗಾಜಿನ ಬಾಟ್ಲಿ ಹಿಡಿದು ಹೋಗುತ್ತೇನೆ. ಕಲ್ಲಿನ ಸಾಲಿನ ಮೇಲಿನ ನೀರು ಒಂದರಲ್ಲಿ, ಕೆಳಗಿನದು ಇನ್ನೊಂದರಲ್ಲಿ. ರಾತ್ರಿಯಿಡೀ ಇಟ್ಟರೆ ತಳದಲ್ಲಿ ಮಣ್ಣು ಕೂರುತ್ತದೆ. ಹುಲ್ಲು ಹಿಡಿದ ಕಡೆ ಕೆಳಗಿನ ಬಾಟ್ಲಿಯಲ್ಲಿ ಮಣ್ಣಿನ ಪದರ ತೆಳ್ಳಗಾಗಿದೆ. ಹಳೆ ಕೋರೆಯ ಅಂಚಿನಲ್ಲಿ ಮಾತ್ರ ಎರಡೂ ಇನ್ನೂ ಒಂದೇ ಥರ ಕೆಂಪು. ಅಲ್ಲಿ ಬೀಜ ನಿಲ್ಲುವಷ್ಟು ಮಣ್ಣೇ ಇಲ್ಲ. ಈ ವರ್ಷ ಅಲ್ಲಿ ಕಲ್ಲಿನ ಸಾಲುಗಳನ್ನು ಇನ್ನಷ್ಟು ಹತ್ತಿರ ಹತ್ತಿರ ಇಡುತ್ತಿದ್ದೇನೆ.