ಲಾಗಿನ್ ಆಗ್ತಿಲ್ವಾ? ಮೊದಲು ಟೈಮ್ ನೋಡಿ

ಪಾಸ್‌ವರ್ಡ್ ಸರಿಯಿದ್ದರೂ ಒಂದು ಕಂಪ್ಯೂಟರ್ ಮಾತ್ರ ಡೊಮೇನ್‌ಗೆ (ಸರ್ವರ್ ಮೂಲಕ ನಿಯಂತ್ರಿಸುವ ಆಫೀಸ್ ನೆಟ್‌ವರ್ಕ್‌ಗೆ) ಲಾಗಿನ್ ಆಗ್ತಿಲ್ಲ, ಬ್ರೌಸರ್‌ನಲ್ಲಿ ಯಾವ ಸೈಟ್ ತೆರೆದರೂ ಸರ್ಟಿಫಿಕೇಟ್ ಎರರ್ ಅಂದರೆ, ದಯವಿಟ್ಟು ಫಾರ್ಮ್ಯಾಟ್ ಮಾಡೋಕೆ ಹೋಗಬೇಡಿ. ದಿನಾಂಕ, ಸಮಯ, ಟೈಮ್ ಝೋನ್ ಮೂರನ್ನೂ ನೋಡಿ. ಗಡಿಯಾರ ಸರಿ ಕಂಡರೂ ಝೋನ್ ತಪ್ಪಿದ್ದರೆ ಒಳಗಿನ ಯುಟಿಸಿ (ಜಾಗತಿಕ ಪ್ರಮಾಣಿತ) ಸಮಯ ತಪ್ಪೇ. ಡೊಮೇನ್ ನಡೆಸುವ ಮೈಕ್ರೋಸಾಫ್ಟ್‌ನ ಆಕ್ಟಿವ್ ಡೈರೆಕ್ಟರಿಯಲ್ಲಿ ಸರ್ವರ್‌ಗೂ ಕಂಪ್ಯೂಟರ್‌ಗೂ 5 ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಲಾಗಿನ್ ಪರಿಶೀಲಿಸುವ ಕರ್ಬೆರೋಸ್ ವ್ಯವಸ್ಥೆ ಸಾಮಾನ್ಯವಾಗಿ ಒಪ್ಪುವುದಿಲ್ಲ.

ಪ್ಲಗ್ ತೆಗೆದಾಗಲೆಲ್ಲ ಹಳೇ ದಿನಾಂಕ ಬರ್ತಿದ್ದರೆ ಮದರ್‌ಬೋರ್ಡಿನ ಬ್ಯಾಟರಿ ಮುಗಿದಿದೆ. ಹೆಚ್ಚಿನ ಡೆಸ್ಕ್‌ಟಾಪ್‌ಗಳಲ್ಲಿ ಇರೋದು ಸಿಆರ್2032, 3 ವೋಲ್ಟಿನ ಬಿಲ್ಲೆ. ತೆಗೆಯುವ ಮೊದಲು ಬಯೋಸ್‌ನ (ಮದರ್‌ಬೋರ್ಡಿನ ಸೆಟ್ಟಿಂಗ್ ಪರದೆಯ) ಬೂಟ್ ಮೋಡ್, ಸಾಟಾ ಮೋಡ್ (ಡಿಸ್ಕ್ ಸಂಪರ್ಕದ ಬಗೆ) ಪುಟಗಳ ಫೋಟೋ ತೆಗೆದಿಟ್ಟುಕೊಳ್ಳಿ. ಸೆಟ್ಟಿಂಗ್ ಅಳಿಸಿಹೋದರೆ ವಿಂಡೋಸ್ ಬೂಟ್ ಆಗದೇ ಇರಬಹುದು. ಎಲ್ಲ ಕಂಪ್ಯೂಟರ್‌ಗಳ ಸಮಯವೂ ಒಂದೇ ಥರ ತಪ್ಪಿದ್ದರೆ ಡೊಮೇನ್ ಕಂಟ್ರೋಲರ್‌ನ (ಡೊಮೇನ್ ನಡೆಸುವ ಸರ್ವರ್‌ನ) ಎನ್‌ಟಿಪಿ, ಅಂದರೆ ನೆಟ್‌ವರ್ಕ್‌ನಿಂದ ಸಮಯ ಹೊಂದಿಸುವ ಸೆಟ್ಟಿಂಗ್, ಪರೀಕ್ಷಿಸಿ.